ಬಿಳಿ ಹುಂಜಕ್ಕೆ ಎದುರಾದ ಕರಿಚಿರತೆ: ಲೌಂಡ್ಸ್ ಕೌಂಟಿಯ ಮತಸಂಗ್ರಾಮ

1965ರ ಜನವರಿಯಲ್ಲಿ ಅಮೆರಿಕದ ಅಲಬಾಮಾ ರಾಜ್ಯದ ಲೌಂಡ್ಸ್ ಕೌಂಟಿಯ (ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥದು) ಮತದಾರರ ಪಟ್ಟಿಯಲ್ಲಿ ಒಬ್ಬನೇ ಒಬ್ಬ ಕಪ್ಪು ಮನುಷ್ಯನ ಹೆಸರೂ ಇರಲಿಲ್ಲ. ಆ ಕೌಂಟಿಯ ಜನಸಂಖ್ಯೆ ಸುಮಾರು 15 ಸಾವಿರ. ಐದು ಜನರಲ್ಲಿ ನಾಲ್ವರು ಕಪ್ಪುಜನ. ಮತದಾನದ ವಯಸ್ಸಿಗೆ ಬಂದಿದ್ದ ಕಪ್ಪುಜನರೇ ಐದು ಸಾವಿರಕ್ಕೂ ಹೆಚ್ಚು. ಅದೇ ಪಟ್ಟಿಯಲ್ಲಿ ಬಿಳಿಯರ ಹೆಸರುಗಳು ಮಾತ್ರ ಅಲ್ಲಿ ವಾಸವಾಗಿದ್ದ ವಯಸ್ಕ ಬಿಳಿಯರ ಸಂಖ್ಯೆಯನ್ನೂ ಮೀರಿದ್ದವು. ಸತ್ತವರು, ಊರು ಬಿಟ್ಟವರು ಎಲ್ಲರೂ ಪಟ್ಟಿಯಲ್ಲಿ ಉಳಿದುಕೊಂಡಿದ್ದರು. ಬದುಕಿದ್ದ ಐದು ಸಾವಿರ ಜನರಿಗೆ ಅದರಲ್ಲಿ ಜಾಗವಿರಲಿಲ್ಲ.

ಸುಮಾರು ಆರು ವರ್ಷಗಳ ನಂತರ, 1970ರ ನವೆಂಬರ್‌ನಲ್ಲಿ, ಅದೇ ಕೌಂಟಿಯ ಜನ ಒಬ್ಬ ಕಪ್ಪು ಮನುಷ್ಯನನ್ನು ತಮ್ಮ ಶೆರಿಫ್, ಅಂದರೆ ಕೌಂಟಿಯ ಪೊಲೀಸ್ ಮುಖ್ಯಸ್ಥ, ಆಗಿ ಆರಿಸಿದರು. ಈ ಆರು ವರ್ಷಗಳ ಕಥೆಯನ್ನು ಸಾಮಾನ್ಯವಾಗಿ ಒಂದು ಕಾಯ್ದೆಯ ಕಥೆಯಾಗಿ, ಒಂದು ಪಾದಯಾತ್ರೆಯ ಕಥೆಯಾಗಿ, ಒಬ್ಬಿಬ್ಬರು ದೊಡ್ಡ ನಾಯಕರ ಕಥೆಯಾಗಿ ಹೇಳುತ್ತಾರೆ. ಲೌಂಡ್ಸ್‌ನ ಚರಿತ್ರೆಯನ್ನು ಹತ್ತಿರದಿಂದ ನೋಡಿದರೆ ಬೇರೆಯೇ ಒಂದು ಸತ್ಯ ಕಾಣುತ್ತದೆ. ಕಾಯ್ದೆ ಅವರಿಗೆ ಮತ ಕೊಟ್ಟಿತು. ಆ ಮತವನ್ನು ಅಧಿಕಾರವನ್ನಾಗಿ ಮಾಡಿದವರು ತಮ್ಮೂರಿನ ಚುನಾವಣೆಗೆ ತಾವೇ ಹುರಿಯಾಳುಗಳಾಗಿ ನಿಂತ ಹಳ್ಳಿಗರು.

ಹತ್ತಿಯ ಸೀಮೆ

ಸೆಲ್ಮಾ ಮತ್ತು ಮಾಂಟ್ಗೊಮರಿ ಎಂಬ ಎರಡು ಪಟ್ಟಣಗಳ ನಡುವೆ, 80ನೇ ಸಂಖ್ಯೆಯ ಹೆದ್ದಾರಿಯ ಎರಡೂ ಬದಿಗೆ ಚಾಚಿಕೊಂಡಿರುವ ಕೌಂಟಿ ಇದು. ಆಡಳಿತದ ಕೇಂದ್ರ ಹೇನ್‌ವಿಲ್ ಎಂಬ ಸಣ್ಣ ಊರು. ಫೋರ್ಟ್ ಡಿಪಾಸಿಟ್, ವೈಟ್ ಹಾಲ್, ಲೌಂಡ್ಸ್‌ಬರೊ, ಕ್ಯಾಲ್‌ಹೂನ್ ಉಳಿದ ಮುಖ್ಯ ಊರುಗಳು. ಅಮೆರಿಕದ ದಕ್ಷಿಣದ ರಾಜ್ಯಗಳ ‘ಕರಿಮಣ್ಣಿನ ಪಟ್ಟಿ’ಯಲ್ಲಿ ಬರುವ ಈ ನೆಲ ಹತ್ತಿಗೆ ಹೇಳಿ ಮಾಡಿಸಿದಂಥದು. ಗುಲಾಮಗಿರಿಯ ಕಾಲದಲ್ಲಿ ಸಾವಿರಾರು ಜನರನ್ನು ಇಲ್ಲಿಗೆ ತಂದದ್ದು ಹತ್ತಿ ಬೆಳೆಯಲಿಕ್ಕೇ.

ಗುಲಾಮಗಿರಿ ಮುಗಿದರೂ ಭೂಮಿ ಕೈ ಬದಲಾಗಲಿಲ್ಲ. ಕಪ್ಪುಜನ ಅದೇ ಹೊಲಗಳನ್ನು ಕೋರಿಗೆ ಮಾಡತೊಡಗಿದರು. ಬಿತ್ತನೆ ಬೀಜ, ಗೊಬ್ಬರ, ಮನೆಯ ದಿನಸಿ ಎಲ್ಲ ಧಣಿಯ ಸಾಲದಲ್ಲಿ. ಸುಗ್ಗಿಯಲ್ಲಿ ಲೆಕ್ಕ ಹಾಕುವವನೂ ಧಣಿಯೇ. 1960ರ ದಶಕದಲ್ಲಿಯೂ ಕೌಂಟಿಯ ಶೇ 90ರಷ್ಟು ಭೂಮಿ 86 ಬಿಳಿಯ ಕುಟುಂಬಗಳ ಹಿಡಿತದಲ್ಲಿತ್ತು. ಮನೆ ಧಣಿಯದು, ಹೊಲ ಧಣಿಯದು, ಅಂಗಡಿಯ ಸಾಲದ ಪುಸ್ತಕವೂ ಧಣಿಯ ಕಡೆಯವರದು. ಇಂಥ ಕಡೆ ಮತದಾರರ ಪಟ್ಟಿಗೆ ಹೆಸರು ಸೇರಿಸಲು ಹೋಗುವವನು ಅದೇ ಸಂಜೆ ತಲೆಯ ಮೇಲಿನ ಸೂರು ಕಳೆದುಕೊಳ್ಳಲು ಸಿದ್ಧನಿರಬೇಕಾಗಿತ್ತು.

ಹಿಂಸೆಯ ನೆನಪೂ ಹಳೆಯದೇ. 1935ರಲ್ಲಿ ಹತ್ತಿ ಬಿಡಿಸುವ ಕೂಲಿಗಳು ಹೆಚ್ಚು ಕೂಲಿ ಕೇಳಿ ಮುಷ್ಕರ ಹೂಡಿದಾಗ ಅದನ್ನು ಬಂದೂಕಿನಿಂದ ಅಡಗಿಸಲಾಯಿತು. 1947ರ ಡಿಸೆಂಬರ್‌ನಲ್ಲಿ ಲೌಂಡ್ಸ್‌ಬರೊದಲ್ಲಿ ವ್ಯಾಪಾರ ಮಾಡಿ ಮೇಲೆ ಬಂದಿದ್ದ ಎಲ್ಮೋರ್ ಬೋಲಿಂಗ್ ಎಂಬ ಕಪ್ಪು ವ್ಯಾಪಾರಿಯನ್ನು ಅವನ ಅಂಗಡಿಯ ಹತ್ತಿರದಲ್ಲೇ ಗುಂಡಿಟ್ಟು ಕೊಂದರು. ‘ರಕ್ತದ ಲೌಂಡ್ಸ್’ ಎಂಬ ಹೆಸರು ಈ ಕೌಂಟಿಗೆ ಅಂಟಿಕೊಂಡದ್ದು ಹೀಗೆ.

ಕೊಟ್ಟು ಕಸಿದುಕೊಂಡ ಮತ

ಲೌಂಡ್ಸ್‌ನ ಕಪ್ಪುಜನರಿಗೆ ಮತ ಹೊಸದೇನಲ್ಲ. ಅಂತರ್ಯುದ್ಧ ಮುಗಿದ ಮೇಲೆ, 1867ರಿಂದ, ಅಲಬಾಮಾದ ಕಪ್ಪು ಗಂಡಸರು ಮತದಾರರಾಗಿ ನೋಂದಾಯಿಸಿಕೊಂಡರು. ಕರಿಮಣ್ಣಿನ ಪಟ್ಟಿಯ ಕೌಂಟಿಗಳಿಂದ ಶಾಸನಸಭೆಗೆ ಕಪ್ಪು ಪ್ರತಿನಿಧಿಗಳು ಹೋದರು. ಪಕ್ಕದ ಸೆಲ್ಮಾದ ಬೆಂಜಮಿನ್ ಟರ್ನರ್ ಅಮೆರಿಕದ ಸಂಸತ್ತಿಗೇ ಆರಿಸಿಬಂದರು. ಗುಲಾಮಗಿರಿಯಲ್ಲಿ ಹುಟ್ಟಿದ ಒಂದು ತಲೆಮಾರು ಕಾನೂನು ಮಾಡುವ ಸಭೆಯಲ್ಲಿ ಕೂತದ್ದನ್ನು ಆ ಸೀಮೆ ಕಂಡಿತ್ತು.

1874ರಲ್ಲಿ ಬಿಳಿಯರ ಡೆಮಾಕ್ರಟಿಕ್ ಪಕ್ಷ ಬೆದರಿಕೆ ಮತ್ತು ಹಿಂಸೆಯ ಬಲದಿಂದ ರಾಜ್ಯವನ್ನು ಮತ್ತೆ ಹಿಡಿಯಿತು. ಅಲ್ಲಿಂದ ಕಾಲು ಶತಮಾನ ಮತಪೆಟ್ಟಿಗೆಯ ಮೋಸದಿಂದಲೇ ಕಪ್ಪುಜನರ ಮತವನ್ನು ತಿಂದು ಹಾಕಿದರು. ಕೊನೆಗೆ ಮೋಸದ ಗೊಡವೆಯೇ ಬೇಡವೆಂದು 1901ರಲ್ಲಿ ಹೊಸ ರಾಜ್ಯ ಸಂವಿಧಾನವನ್ನೇ ಬರೆದರು. ಬಿಳಿಯರ ಮೇಲುಗೈಯನ್ನು ಕಾನೂನಿನಿಂದಲೇ ಸ್ಥಾಪಿಸುವುದು ತಮ್ಮ ಗುರಿ ಎಂದು ಆ ಸಂವಿಧಾನ ಸಭೆಯ ಅಧ್ಯಕ್ಷ ಜಾನ್ ನಾಕ್ಸ್ ಮುಚ್ಚುಮರೆಯಿಲ್ಲದೆ ಸಾರಿದರು. ಮತದಾರನಾಗಲು ಓದು ಬರಹದ ಪರೀಕ್ಷೆ, ಆಸ್ತಿಯ ಷರತ್ತು, ವರ್ಷಕ್ಕೆ ಒಂದೂವರೆ ಡಾಲರ್ ತಲೆಗಂದಾಯ. ಕಂದಾಯ ಬಾಕಿ ಉಳಿದರೆ ಅದು ವರ್ಷದಿಂದ ವರ್ಷಕ್ಕೆ ಬೆಳೆಯುತ್ತಿತ್ತು. ನಗದು ಹಣವನ್ನೇ ಅಪರೂಪಕ್ಕೆ ಕಾಣುತ್ತಿದ್ದ ಕೋರು ರೈತ ಅದನ್ನು ಕಟ್ಟುವುದೆಲ್ಲಿಂದ? ಕೆಲವೇ ವರ್ಷಗಳಲ್ಲಿ ಸಾವಿರಾರು ಕಪ್ಪು ಮತದಾರರು ಪಟ್ಟಿಯಿಂದ ಮಾಯವಾದರು. ಆಮೇಲೆ ಅರವತ್ತು ವರ್ಷಗಳಿಗೂ ಹೆಚ್ಚು ಕಾಲ ಲೌಂಡ್ಸ್‌ನಲ್ಲಿ ಚುನಾವಣೆ ಎಂದರೆ ಬಿಳಿಯರು ಬಿಳಿಯರನ್ನು ಆರಿಸಿಕೊಳ್ಳುವ ಮನೆವಾರ್ತೆ.

ಹಳೆಯ ಜೈಲಿನ ಬಾಗಿಲಲ್ಲಿ

ಈ ಮೌನವನ್ನು ಮುರಿದವರಲ್ಲಿ ಮೊದಲು ಹೇಳಬೇಕಾದ ಹೆಸರು ಜಾನ್ ಹ್ಯೂಲೆಟ್. 1927ರಲ್ಲಿ ಲೌಂಡ್ಸ್‌ನಲ್ಲೇ ಹುಟ್ಟಿ, ಬರ್ಮಿಂಗ್‌ಹ್ಯಾಮ್ ನಗರದ ಎರಕದ ಕಾರ್ಖಾನೆಯಲ್ಲಿ ದುಡಿದವರು. ಅಲ್ಲಿ ಕಾರ್ಮಿಕ ಸಂಘವನ್ನೂ ಕಂಡರು, ಫ್ರೆಡ್ ಷಟಲ್ಸ್‌ವರ್ತ್ ಅವರ ನಾಗರಿಕ ಹಕ್ಕು ಸಂಘಟನೆಯಲ್ಲೂ ಓಡಾಡಿದರು. ಊರಿಗೆ ಮರಳಿದಾಗ ಜನರನ್ನು ಕೂಡಿಸುವ ಕಸುಬು ಅವರಿಗೆ ಕೈಹತ್ತಿತ್ತು.

1965ರ ಮಾರ್ಚ್ 1ರಂದು 39 ಮಂದಿ ಹೇನ್‌ವಿಲ್‌ನ ನ್ಯಾಯಾಲಯದ ಕಟ್ಟಡಕ್ಕೆ ಹೋಗಿ ಹೆಸರು ಸೇರಿಸಿಕೊಳ್ಳಿ ಎಂದು ಕೇಳಿದರು. ಅವರನ್ನು ವಾಪಸ್ ಕಳಿಸಿದರು. ಎರಡು ವಾರದ ನಂತರ ಮತ್ತೆ ಹೋದರು. ನೋಂದಣಿಯನ್ನು ಈ ಸಲ ಹಳೆಯ ಜೈಲಿಗೆ ಸ್ಥಳಾಂತರಿಸಿದ್ದರು. ಹೊರಗೆ ಬಂದಾಗ ಇಬ್ಬರ ಹೆಸರು ಪಟ್ಟಿಗೆ ಸೇರಿತ್ತು. ಒಬ್ಬರು ಹ್ಯೂಲೆಟ್, ಇನ್ನೊಬ್ಬರು ಕಣ್ಣು ಕಾಣದ ಪಾದ್ರಿ ಲಾಸನ್. ಇಡೀ ಕೌಂಟಿಗೆ ಇಬ್ಬರು ಕಪ್ಪು ಮತದಾರರು! ಆ ಧೈರ್ಯದಲ್ಲೇ ಮಾರ್ಚ್ 19ರಂದು ‘ಲೌಂಡ್ಸ್ ಕೌಂಟಿ ಮಾನವ ಹಕ್ಕುಗಳ ಕ್ರೈಸ್ತ ಚಳವಳಿ’ ಎಂಬ ಸಂಘ ಹುಟ್ಟಿತು.

ಅದಾದ ಎರಡೇ ದಿನಕ್ಕೆ ಮಾರ್ಟಿನ್ ಲೂಥರ್ ಕಿಂಗ್ ನೇತೃತ್ವದ ಸೆಲ್ಮಾ–ಮಾಂಟ್ಗೊಮರಿ ಪಾದಯಾತ್ರೆ ಹೊರಟಿತು. ದಾರಿಯ ಬಹುಪಾಲು ಲೌಂಡ್ಸ್‌ನೊಳಗೇ ಹಾಯುತ್ತದೆ. ಇಲ್ಲಿ ಹೆದ್ದಾರಿ ಕಿರಿದಾದ್ದರಿಂದ 300 ಮಂದಿ ಮಾತ್ರ ನಡೆಯಬಹುದೆಂದು ನ್ಯಾಯಾಲಯ ಕಟ್ಟು ಮಾಡಿತ್ತು. ಜಗತ್ತಿನ ಕ್ಯಾಮೆರಾಗಳು ನಡೆಯುವವರನ್ನು ಹಿಂಬಾಲಿಸಿದವು. ವಿದ್ಯಾರ್ಥಿಗಳ ಅಹಿಂಸಾ ಸಮನ್ವಯ ಸಮಿತಿ, ಅಂದರೆ ‘ಸ್ನಿಕ್’ ಸಂಘಟನೆಯ ಸ್ಟೋಕ್ಲಿ ಕಾರ್ಮೈಕಲ್ ಮತ್ತು ಬಾಬ್ ಮ್ಯಾಂಟ್ಸ್ ಮೊದಲಾದ ತರುಣರ ಕಣ್ಣು ಮಾತ್ರ ರಸ್ತೆ ಬದಿಯಲ್ಲಿ ನಿಂತು ನೋಡುತ್ತಿದ್ದ ಹಳ್ಳಿಗರ ಮೇಲಿತ್ತು. ಅವರ ಹೆಸರು, ಊರು ಬರೆದುಕೊಂಡರು. ಯಾತ್ರೆ ಮುಗಿದು ಎಲ್ಲರೂ ಮನೆಗೆ ಹೋದ ಮೇಲೆ ಈ ತರುಣರು ಆ ಹೆಸರುಗಳನ್ನು ಹಿಡಿದು ಲೌಂಡ್ಸ್‌ಗೆ ಬಂದು ಉಳಿದರು.

ಯಾತ್ರೆ ಮುಗಿದ ರಾತ್ರಿ, ಮಾರ್ಚ್ 25ರಂದು, ಯಾತ್ರಿಗಳನ್ನು ಕಾರಿನಲ್ಲಿ ಬಿಟ್ಟುಬರುತ್ತಿದ್ದ ಡೆಟ್ರಾಯಿಟ್‌ನ ಗೃಹಿಣಿ ವಯೋಲಾ ಲಿಯುಝೊ ಅವರನ್ನು ಬಿಳಿಯರ ಹಿಂಸಾವಾದಿ ಗುಪ್ತಸಂಘ ಕೂ ಕ್ಲಕ್ಸ್ ಕ್ಲಾನ್‌ನವರು ಲೌಂಡ್ಸ್‌ನ ಹೆದ್ದಾರಿಯಲ್ಲೇ ಗುಂಡಿಟ್ಟು ಕೊಂದರು. ಆಗಸ್ಟ್ 20ರಂದು ಹೇನ್‌ವಿಲ್‌ನ ಅಂಗಡಿಯೊಂದರ ಬಾಗಿಲಲ್ಲಿ, ಹದಿಹರೆಯದ ಕಪ್ಪು ಹುಡುಗಿ ರೂಬಿ ಸೇಲ್ಸ್‌ಗೆ ಬೀಳಬೇಕಿದ್ದ ಗುಂಡಿಗೆ ಅಡ್ಡ ನಿಂತು ಜೊನಾಥನ್ ಡೇನಿಯಲ್ಸ್ ಎಂಬ ಬಿಳಿಯ ಸೆಮಿನರಿ ವಿದ್ಯಾರ್ಥಿ ಪ್ರಾಣ ಕೊಟ್ಟರು. ಗುಂಡು ಹಾರಿಸಿದ ಟಾಮ್ ಕೋಲ್ಮನ್‌ನನ್ನು ಬಿಳಿಯ ಗಂಡಸರೇ ತುಂಬಿದ್ದ ಜ್ಯೂರಿ ನಿರ್ದೋಷಿ ಎಂದು ಬಿಟ್ಟಿತು. ಈ ಜ್ಯೂರಿ ಪದ್ಧತಿಯ ವಿರುದ್ಧ ಲೌಂಡ್ಸ್‌ನ ಜನ ಹೂಡಿದ ದಾವೆಯಲ್ಲಿ 1966ರ ಫೆಬ್ರುವರಿಯಲ್ಲಿ ಫೆಡರಲ್ ನ್ಯಾಯಾಲಯ ತೀರ್ಪು ಕೊಟ್ಟು, ಕಪ್ಪುಜನರನ್ನೂ ಹೆಂಗಸರನ್ನೂ ಜ್ಯೂರಿಯಿಂದ ಹೊರಗಿಡುವುದು ಸಂವಿಧಾನಕ್ಕೆ ವಿರುದ್ಧ ಎಂದಿತು.

ಈ ನಡುವೆ, 1965ರ ಆಗಸ್ಟ್ 6ರಂದು, ಅಧ್ಯಕ್ಷ ಲಿಂಡನ್ ಜಾನ್ಸನ್ ಮತದಾನದ ಹಕ್ಕು ಕಾಯ್ದೆಗೆ ಸಹಿ ಹಾಕಿದ್ದರು. ಕೆಲವೇ ದಿನಗಳಲ್ಲಿ ಫೆಡರಲ್ ನೋಂದಣಾಧಿಕಾರಿಗಳು ಫೋರ್ಟ್ ಡಿಪಾಸಿಟ್‌ಗೆ ಬಂದು ಕೂತರು. ಓದು ಬರಹದ ಪರೀಕ್ಷೆ ಹೋಯಿತು. ಕಪ್ಪುಜನ ಸಾಲುಗಟ್ಟಿ ನಿಂತರು. ಮುಂದಿನ ವರ್ಷದ ಚುನಾವಣೆಯ ಹೊತ್ತಿಗೆ ಅವರ ಸಂಖ್ಯೆ ಎರಡೂವರೆ ಸಾವಿರ ದಾಟಿತ್ತು.

ಧಣಿಗಳು ಇದಕ್ಕೆ ಕೊಟ್ಟ ಉತ್ತರ ಒಕ್ಕಲೆಬ್ಬಿಸುವುದು. 1965ರ ಕೊನೆಯಲ್ಲಿ ತಲೆಮಾರುಗಳಿಂದ ಅದೇ ಹೊಲದಲ್ಲಿ ಗೆಯ್ದ ಕುಟುಂಬಗಳು ಬೀದಿಗೆ ಬಿದ್ದವು. ಚಳವಳಿ 80ನೇ ಹೆದ್ದಾರಿಯ ಪಕ್ಕ ನೆಲ ಕೊಂಡು ಡೇರೆಗಳನ್ನು ಎತ್ತಿತು. ‘ಟೆಂಟ್ ಸಿಟಿ’ ಎಂದು ಹೆಸರಾದ ಆ ಡೇರೆಗಳಲ್ಲಿ ಮಕ್ಕಳುಮರಿಗಳೊಂದಿಗೆ ಜನ ಎರಡು ವರ್ಷಕ್ಕೂ ಹೆಚ್ಚು ಕಾಲ ಬದುಕಿದರು. ರಾತ್ರಿ ಹೆದ್ದಾರಿಯಲ್ಲಿ ಹೋಗುವ ಕಾರುಗಳಿಂದ ಗುಂಡು ಹಾರುತ್ತಿತ್ತು. ಡೇರೆಯವರು ಸರದಿಯ ಮೇಲೆ ಬಂದೂಕು ಹಿಡಿದು ಕಾವಲು ಕಾಯುತ್ತಿದ್ದರು. ಹೆಸರು ವಾಪಸ್ ತೆಗೆದುಕೊಂಡರೆ ಮನೆ ಉಳಿಯುತ್ತದೆ ಎಂಬ ಆಮಿಷ ಎದುರಿಗಿದ್ದರೂ ಮಣಿಯದವರು ಇವರು.

ಹುಂಜದ ಪಕ್ಷಕ್ಕೆ ಹೋಗುವುದೆ?

ಹೆಸರೇನೋ ಪಟ್ಟಿಗೆ ಸೇರಿತು. ಮತ ಹಾಕುವುದು ಯಾರಿಗೆ? ಅಲಬಾಮಾದಲ್ಲಿ ಆಗ ಪಕ್ಷ ಎಂದರೆ ಡೆಮಾಕ್ರಟಿಕ್ ಪಕ್ಷ ಒಂದೇ. ಅದರ ಪ್ರೈಮರಿಯಲ್ಲಿ, ಅಂದರೆ ಪಕ್ಷದ ಹುರಿಯಾಳನ್ನು ಆರಿಸುವ ಒಳಚುನಾವಣೆಯಲ್ಲಿ ಗೆದ್ದವನು ಗೆದ್ದಂತೆಯೇ. ರಾಜ್ಯಪಾಲ ಜಾರ್ಜ್ ವಾಲೇಸ್ ಅದೇ ಪಕ್ಷದವರು. ಮತಪತ್ರದಲ್ಲಿ ಆ ಪಕ್ಷದ ಗುರುತು ಬಿಳಿ ಹುಂಜ. ಹುಂಜದ ಸುತ್ತ ‘ಬಿಳಿಯರ ಶ್ರೇಷ್ಠತೆ’ ಎಂಬ ಘೋಷಣೆಯನ್ನೇ ಅಚ್ಚು ಹಾಕಿದ್ದರು. 1966ರ ಆರಂಭದಲ್ಲಿ, ಕಪ್ಪು ಮತದಾರರು ಬರುತ್ತಿದ್ದಾರೆಂದು ಗೊತ್ತಾದ ಮೇಲೆ, ಆ ಮಾತನ್ನು ತೆಗೆದುಹಾಕಿದರು. ಹುಂಜ ಹಾಗೆಯೇ ಉಳಿಯಿತು.

ಕಿಂಗ್ ಅವರ ಸಂಘಟನೆಯೂ ಸೇರಿದಂತೆ ಹಲವರು ಕಪ್ಪುಜನ ಡೆಮಾಕ್ರಟಿಕ್ ಪ್ರೈಮರಿಯಲ್ಲೇ ಮತ ಹಾಕಬೇಕೆಂದರು. ವಾಲೇಸ್ ಪತ್ನಿ ಲರ್ಲೀನ್ ವಾಲೇಸ್ ರಾಜ್ಯಪಾಲ ಹುದ್ದೆಗೆ ನಿಂತಿದ್ದರು. ಅವರೆದುರು ಇದ್ದ ರಿಚ್ಮಂಡ್ ಫ್ಲವರ್ಸ್ ನಾಗರಿಕ ಹಕ್ಕುಗಳ ಪರ ಮಾತನಾಡಿದ್ದರು. ಅವರ ಕೈ ಬಲಪಡಿಸಬೇಕು ಎಂಬುದು ವಾದ. ಅದರಲ್ಲಿ ಹುರುಳಿರಲಿಲ್ಲ ಎನ್ನಲಾಗದು. ಆದರೆ ಲೌಂಡ್ಸ್‌ನ ಜನರ ಲೆಕ್ಕ ಊರಿಗೆ ಸಂಬಂಧಿಸಿದ್ದು. ರಾತ್ರಿ ಬಾಗಿಲು ಬಡಿಯುವವನು ಶೆರಿಫ್. ಹೊಲಕ್ಕೆ, ಮನೆಗೆ ತೆರಿಗೆ ಎಷ್ಟೆಂದು ಬರೆಯುವವನು ಕೌಂಟಿಯ ತೆರಿಗೆ ಅಧಿಕಾರಿ. ಮಕ್ಕಳ ಶಾಲೆಗೆ ಬೆಂಚು ಬೇಕೆ ಬೇಡವೆ ಎಂದು ತೀರ್ಮಾನಿಸುವುದು ಕೌಂಟಿಯ ಶಿಕ್ಷಣ ಮಂಡಳಿ. ನಮ್ಮಲ್ಲಿ ಪೊಲೀಸ್ ವರಿಷ್ಠಾಧಿಕಾರಿಯನ್ನೂ ತಹಶೀಲ್ದಾರರನ್ನೂ ಸರ್ಕಾರ ನೇಮಿಸುತ್ತದೆ. ಅಲ್ಲಿ ಇಂಥ ಹುದ್ದೆಗಳಿಗೆಲ್ಲ ಚುನಾವಣೆ. ಲೌಂಡ್ಸ್‌ನಲ್ಲಿ ಅಧಿಕಾರ ಇದ್ದದ್ದು ಈ ಹುದ್ದೆಗಳಲ್ಲಿ.

ಡೆಮಾಕ್ರಟಿಕ್ ಪಕ್ಷದ ಸ್ಥಳೀಯ ಮುಖಂಡರು ಒಂದು ಬಾಗಿಲನ್ನು ತಾವೇ ಮುಚ್ಚಿದರು. ಶೆರಿಫ್ ಮುಂತಾದ ಹುದ್ದೆಗಳಿಗೆ ನಾಮಪತ್ರ ಸಲ್ಲಿಸುವ ಶುಲ್ಕ ಹಿಂದೆ 50 ಡಾಲರ್ ಇದ್ದದ್ದನ್ನು 500 ಡಾಲರಿಗೆ ಏರಿಸಿದರು. ಹೊಲಗೂಲಿಯವರ ಪಾಲಿಗೆ ಅದು ಕೈಗೆಟುಕದ ಹಣ.

ಆಗ ಸ್ನಿಕ್‌ನ ಸಂಶೋಧನಾ ವಿಭಾಗದ ಜ್ಯಾಕ್ ಮಿನಿಸ್ ಅಲಬಾಮಾದ ಕಾನೂನು ಪುಸ್ತಕಗಳನ್ನು ತಿರುವಿಹಾಕಿ ಒಂದು ಹಳೆಯ ವಿಧಿಯನ್ನು ಹುಡುಕಿ ತೆಗೆದರು. ಕೌಂಟಿಯ ಮಟ್ಟದಲ್ಲೇ ಯಾರು ಬೇಕಾದರೂ ಸ್ವತಂತ್ರ ಪಕ್ಷ ಕಟ್ಟಬಹುದು. ಪ್ರೈಮರಿ ನಡೆಯುವ ದಿನವೇ, ಮತಗಟ್ಟೆಯಲ್ಲಿ ಇಲ್ಲವೆ ಅದರ ಹತ್ತಿರ ಸಭೆ ಕರೆದು ಹುರಿಯಾಳುಗಳನ್ನು ಆರಿಸಬೇಕು. ನವೆಂಬರ್ ಚುನಾವಣೆಯಲ್ಲಿ ಐದನೇ ಒಂದು ಭಾಗ ಮತ ಬಂದರೆ ಅಧಿಕೃತ ಪಕ್ಷವೆಂಬ ಮಾನ್ಯತೆ ಸಿಗುತ್ತದೆ. ಓದು ಬಾರದವರು ಬಹಳವಿದ್ದ ರಾಜ್ಯವಾದ್ದರಿಂದ ಪಕ್ಷಕ್ಕೊಂದು ಗುರುತೂ ಬೇಕು. ಹೀಗೆ ‘ಲೌಂಡ್ಸ್ ಕೌಂಟಿ ಫ್ರೀಡಂ ಆರ್ಗನೈಸೇಷನ್’ ಹುಟ್ಟಿತು. ಜಾನ್ ಹ್ಯೂಲೆಟ್ ಅಧ್ಯಕ್ಷರಾದರು.

ಗುರುತಿಗೆ ಮೊದಲು ಪಾರಿವಾಳದ ಮಾತು ಬಂತು, ಯಾರಿಗೂ ಒಗ್ಗಲಿಲ್ಲ. ಅಟ್ಲಾಂಟಾದ ಕ್ಲಾರ್ಕ್ ಕಾಲೇಜಿನ ಲಾಂಛನ ಪ್ಯಾಂಥರ್. ಸ್ನಿಕ್‌ನ ರೂತ್ ಹೊವಾರ್ಡ್ ಅದನ್ನು ನೋಡಿ, ಹಲ್ಲು ತೋರಿಸುತ್ತಾ ನೆಗೆಯುವ ಕರಿಚಿರತೆಯ ಚಿತ್ರವನ್ನು ತಂದರು. ಕರಿಚಿರತೆ ಯಾರ ತಂಟೆಗೂ ಹೋಗುವುದಿಲ್ಲ, ಒತ್ತಿದಷ್ಟೂ ಹಿಂದೆ ಸರಿಯುತ್ತದೆ, ಮೂಲೆಗೆ ತಳ್ಳಿದರೆ ಮಾತ್ರ ಪ್ರಾಣದ ಹಂಗು ತೊರೆದು ಹೋರಾಡುತ್ತದೆ ಎಂದು ಹ್ಯೂಲೆಟ್ ಹೋದಲ್ಲೆಲ್ಲ ವಿವರಿಸುತ್ತಿದ್ದರು. ಹಳ್ಳಿಯ ಜನಕ್ಕೆ ಹೆಚ್ಚಿನ ಭಾಷಣ ಬೇಕಾಗಲಿಲ್ಲ.

ಹುರಿಯಾಳುಗಳ ಪಾಠಶಾಲೆ

1966ರ ಮೊದಲ ತಿಂಗಳುಗಳಲ್ಲಿ ಲೌಂಡ್ಸ್‌ನಲ್ಲಿ ನಡೆದದ್ದು ಈ ಇಡೀ ಚರಿತ್ರೆಯ ಅತ್ಯಂತ ಬೆಲೆಬಾಳುವ ಭಾಗ ಎಂದು ನನ್ನ ನಂಬಿಕೆ. ಅರವತ್ತು ವರ್ಷ ಮತವನ್ನೇ ಕಾಣದ ಜನ. ಶೆರಿಫ್‌ನ ಕೆಲಸವೇನು, ಕಾನೂನು ಅವನಿಗೆ ಎಷ್ಟು ಅಧಿಕಾರ ಕೊಟ್ಟಿದೆ, ಯಾವುದನ್ನು ಮಾಡುವಂತಿಲ್ಲ ಎಂಬುದನ್ನು ಅವರಿಗೆ ಹೇಳಿಕೊಟ್ಟವರೇ ಇರಲಿಲ್ಲ. ಆ ಕೆಲಸಗಳನ್ನೆಲ್ಲ ಮಾಡಲು ವಿಶೇಷ ಯೋಗ್ಯತೆ ಬೇಕು, ಅದು ಬಿಳಿಯರಿಗೆ ಮಾತ್ರ ಇದೆ ಎಂದು ನಂಬಿಸಿದ್ದರು.

ಸ್ನಿಕ್ ಕಾರ್ಯಕರ್ತರು ಒಂದೊಂದು ಹುದ್ದೆಗೂ ಚಿತ್ರಪುಸ್ತಕ ತಂದರು. ಜೆನಿಫರ್ ಲಾಸನ್ ಎಂಬ ತರುಣಿ ಅದಕ್ಕೆ ಚಿತ್ರ ಬರೆದರು. ಒಬ್ಬ ಹಳ್ಳಿಗ ಶೆರಿಫ್‌ನ ಕರ್ತವ್ಯಗಳನ್ನು ತಿಳಿದು, ಇದನ್ನು ನಾನೂ ಮಾಡಬಲ್ಲೆ ಎಂದು ಕಂಡುಕೊಂಡು, ಚುನಾವಣೆಗೆ ನಿಲ್ಲುವಂಥ ಸರಳ ಕಥೆಗಳು. ಓದಲು ಬಾರದವರೂ ಚಿತ್ರ ನೋಡಿ ತಿಳಿಯಬಹುದಿತ್ತು. ಚರ್ಚುಗಳಲ್ಲಿ, ಮನೆಗಳ ಜಗಲಿಯಲ್ಲಿ ಸಂಜೆ ತರಗತಿಗಳು ನಡೆದವು. ತೆರಿಗೆಯ ಲೆಕ್ಕ ಹೇಗೆ ಹಾಕುತ್ತಾರೆ, ಶಿಕ್ಷಣ ಮಂಡಳಿಗೆ ಹಣ ಎಲ್ಲಿಂದ ಬರುತ್ತದೆ, ಮತಪತ್ರ ಹೇಗಿರುತ್ತದೆ ಎಂದು ಜನ ಕೇಳಿ ತಿಳಿದರು. ಹೊರಗಿನಿಂದ ಬಂದ ತರುಣರು ಯಾರೂ ಹುರಿಯಾಳುಗಳಾಗಲಿಲ್ಲ. ಹ್ಯೂಲೆಟ್ ಕೂಡ ಆ ಸಲ ತಾವೇ ಕಣಕ್ಕಿಳಿಯಲಿಲ್ಲ.

ಮೇ 3ರಂದು ಡೆಮಾಕ್ರಟಿಕ್ ಪ್ರೈಮರಿ. ಅದೇ ದಿನ ಚಿರತೆಯ ಪಕ್ಷದ ಸಭೆಯೂ ಆಗಬೇಕು. ನ್ಯಾಯಾಲಯದ ಮುಂದಿನ ಹುಲ್ಲುಹಾಸಿನಲ್ಲಿ ಸಭೆ ಮಾಡುತ್ತೇವೆ ಎಂದರೆ ಶೆರಿಫ್ ಫ್ರ್ಯಾಂಕ್ ರಯಲ್ಸ್ ಒಪ್ಪಲಿಲ್ಲ. ರಕ್ತ ಹರಿಯಬಹುದೆಂಬ ಅಂಜಿಕೆ ಹಬ್ಬಿತು. ಕೊನೆಗೆ ಅರ್ಧ ಮೈಲಿ ದೂರದ ಫಸ್ಟ್ ಬ್ಯಾಪ್ಟಿಸ್ಟ್ ಚರ್ಚಿನ ಅಂಗಳ ನಿಗದಿಯಾಯಿತು. ಸುಮಾರು 900 ಜನ ಬಂದರು. ಪ್ರೈಮರಿಯಲ್ಲಿ ಮತ ಹಾಕಿದವರು ಈ ಸಭೆಯಲ್ಲಿ ಭಾಗವಹಿಸುವಂತಿಲ್ಲ ಎಂಬ ನಿಯಮವಿದ್ದುದರಿಂದ, ಬಂದವರೆಲ್ಲ ಹುಂಜದ ಪಕ್ಷವನ್ನು ಬಿಟ್ಟೇ ಬಂದವರು.

ಅಲ್ಲಿ ನಡೆದದ್ದು ಬರಿಯ ಕೈಯೆತ್ತುವ ಶಾಸ್ತ್ರವಾಗಿರಲಿಲ್ಲ. ಮತಪತ್ರ ಹಂಚಿದರು, ಗುರುತು ಹಾಕಿ ಪೆಟ್ಟಿಗೆಗೆ ಹಾಕಿಸಿದರು, ಎಣಿಸಿದರು. ಶೆರಿಫ್ ಹುದ್ದೆಯ ಟಿಕೆಟ್ಟಿಗೆ ಇಬ್ಬರ ನಡುವೆ ಪೈಪೋಟಿ. ಸಿಡ್ನಿ ಲೋಗನ್‌ಗೆ 492, ಜೆಸ್ಸಿ ಫೇವರ್ಸ್‌ಗೆ 381 ಮತ. ಅಸಹಜ ಸಾವುಗಳನ್ನು ವಿಚಾರಿಸುವ ಕರೋನರ್ ಹುದ್ದೆಗೆ ಎಮೊರಿ ರಾಸ್, ತೆರಿಗೆ ನಿಗದಿ ಮಾಡುವ ಹುದ್ದೆಗೆ ಆಲಿಸ್ ಮೂರ್, ತೆರಿಗೆ ವಸೂಲಿಗೆ ಫ್ರ್ಯಾಂಕ್ ಮೈಲ್ಸ್. ಶಿಕ್ಷಣ ಮಂಡಳಿಯ ಮೂರು ಸ್ಥಾನಗಳಿಗೆ ರಾಬರ್ಟ್ ಲೋಗನ್, ಜಾನ್ ಹಿನ್ಸನ್, ವಿಲ್ಲಿ ಮೇ ಸ್ಟ್ರಿಕ್ಲೆಂಡ್. ಏಳು ಹುರಿಯಾಳುಗಳಲ್ಲಿ ಇಬ್ಬರು ಹೆಂಗಸರು. ಉಳ್ಳವರ ಮೇಲೆ ತೆರಿಗೆ ಹಾಕಿ ಇಲ್ಲದವರ ಹೊಟ್ಟೆಗೆ ದಾರಿ ಮಾಡುತ್ತೇನೆ ಎಂಬುದು ಆಲಿಸ್ ಮೂರ್ ಅವರ ಇಡೀ ಪ್ರಣಾಳಿಕೆ. 86 ಕುಟುಂಬಗಳು ಶೇ 90ರಷ್ಟು ನೆಲ ಹಿಡಿದಿದ್ದ ಕೌಂಟಿಯಲ್ಲಿ ಈ ಒಂದು ಸಾಲಿನ ತೂಕ ಎಂಥದೆಂದು ಜಮೀನ್ದಾರರಿಗೆ ಚೆನ್ನಾಗಿಯೇ ತಿಳಿಯಿತು.

ಸೋತ ಚುನಾವಣೆ

1966ರ ನವೆಂಬರ್ 8. ಚಿರತೆಗೆ ಗುರುತು ಹಾಕಿ ನೇರ ಮನೆಗೆ ಹೋಗಿ ಎಂಬುದು ಕಾರ್ಯಕರ್ತರ ಸೂಚನೆ. ಪಕ್ಷದವರು ಕಾರುಗಳನ್ನು ಹೊಂದಿಸಿ ದೂರದ ಹಳ್ಳಿಗಳಿಂದ ಮತದಾರರನ್ನು ಕರೆತಂದರು. ಭೂಮಾಲೀಕರೂ ಸುಮ್ಮನಿರಲಿಲ್ಲ. ತಮ್ಮ ಒಕ್ಕಲುಗಳನ್ನು ಟ್ರಕ್ಕುಗಳಲ್ಲಿ ತುಂಬಿಸಿ ತಂದು, ಯಾರಿಗೆ ಹಾಕಬೇಕೆಂದು ಹೇಳಿ ಒಳಗೆ ಕಳಿಸಿದರು. ಧಣಿಯ ಮನೆಯಲ್ಲಿ ಇರುವವನು ಧಣಿಯ ಕಣ್ಣೆದುರು ಚಿರತೆಗೆ ಗುರುತು ಹಾಕುವುದು ಸುಲಭದ ಮಾತಲ್ಲ. ಮತದಾನ ಮುಗಿದ ಮೇಲೆ ಫೋರ್ಟ್ ಡಿಪಾಸಿಟ್‌ನಲ್ಲಿ ಚಿರತೆಯ ಪಕ್ಷದ ಕಾರ್ಯಕರ್ತನೊಬ್ಬನನ್ನು ಬಿಳಿಯರ ಗುಂಪು ಬಡಿದು ಹಾಕಿತು.

ಎಣಿಕೆ ಮುಗಿದಾಗ ಏಳೂ ಮಂದಿ ಸೋತಿದ್ದರು. ಶೆರಿಫ್ ರಯಲ್ಸ್ ಸುಮಾರು 2,300 ಮತ ಪಡೆದರೆ ಸಿಡ್ನಿ ಲೋಗನ್‌ಗೆ ಬಂದದ್ದು ಸುಮಾರು 1,640. ಉಳಿದವರದೂ ಹೆಚ್ಚುಕಡಿಮೆ ಅದೇ ಅಂತರ.

ಸೋಲಿನೊಳಗೆ ಗಟ್ಟಿಯಾದ ಎರಡು ಸಂಗತಿಗಳಿದ್ದವು. ಇಪ್ಪತ್ತು ತಿಂಗಳ ಹಿಂದೆ ಪಟ್ಟಿಯಲ್ಲಿ ಒಬ್ಬರೂ ಇಲ್ಲದ ಕಡೆ ಸಾವಿರದ ಆರುನೂರಕ್ಕೂ ಹೆಚ್ಚು ಮಂದಿ ಚಿರತೆಯ ಗುರುತಿಗೆ ಮತ ಹಾಕಿದ್ದರು. ಬೇಕಾಗಿದ್ದದ್ದು ಶೇ 20, ಬಂದದ್ದು ಶೇ 40ರ ಆಸುಪಾಸು. ಪಕ್ಷಕ್ಕೆ ಮಾನ್ಯತೆ ಸಿಕ್ಕಿತು, ಅದು ‘ಲೌಂಡ್ಸ್ ಕೌಂಟಿ ಫ್ರೀಡಂ ಪಾರ್ಟಿ’ ಆಯಿತು.

ಚಿರತೆ ಅಷ್ಟರಲ್ಲಿ ಕೌಂಟಿಯ ಗಡಿ ದಾಟಿತ್ತು. ಮೇ ತಿಂಗಳಲ್ಲಿ ಸ್ನಿಕ್ ಅಧ್ಯಕ್ಷರಾದ ಕಾರ್ಮೈಕಲ್, ಜೂನ್‌ನಲ್ಲಿ ಮಿಸಿಸಿಪ್ಪಿಯ ಗ್ರೀನ್‌ವುಡ್‌ನಲ್ಲಿ ‘ಬ್ಲ್ಯಾಕ್ ಪವರ್’ ಎಂದು ಕೂಗಿದಾಗ ಆ ಮಾತಿನ ಹಿಂದೆ ಲೌಂಡ್ಸ್‌ನ ಅನುಭವವಿತ್ತು. ಅಕ್ಟೋಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಓಕ್ಲೆಂಡ್‌ನಲ್ಲಿ ಹ್ಯೂಯಿ ನ್ಯೂಟನ್ ಮತ್ತು ಬಾಬಿ ಸೀಲ್ ತಮ್ಮ ಸಂಘಟನೆಗೆ ‘ಬ್ಲ್ಯಾಕ್ ಪ್ಯಾಂಥರ್’ ಹೆಸರಿಟ್ಟರು. ಹೆಸರೂ ಲಾಂಛನವೂ ಲೌಂಡ್ಸ್‌ನಿಂದಲೇ ಬಂದವು. 1972ರಲ್ಲಿ ಮುಂಬೈಯಲ್ಲಿ ನಾಮದೇವ ಢಸಾಳ ಮತ್ತು ಸಂಗಾತಿಗಳು ಕಟ್ಟಿದ ‘ದಲಿತ ಪ್ಯಾಂಥರ್ಸ್’ ಅದೇ ಹೆಸರನ್ನು ನಮ್ಮ ನೆಲಕ್ಕೆ ತಂದಿತು. ದಲಿತ ಚಳವಳಿಯನ್ನು ಬಲ್ಲ ಕನ್ನಡದ ಓದುಗರಿಗೆ ಪರಿಚಿತವಾದ ಆ ಹೆಸರಿನ ಮೂಲ ಅಲಬಾಮಾದ ಹೊಲಗೂಲಿಗಳ ಮತಪತ್ರದ ಮೇಲಿನ ಗುರುತು.

ಗೆಲುವು, ಮತ್ತು ಗೆಲುವಿನ ಮಿತಿ

1968ರಲ್ಲಿ ಹಂಟ್ಸ್‌ವಿಲ್‌ನ ದಂತವೈದ್ಯ ಜಾನ್ ಕ್ಯಾಶಿನ್ ಮುಂದಾಳತ್ವದಲ್ಲಿ ‘ನ್ಯಾಷನಲ್ ಡೆಮಾಕ್ರಟಿಕ್ ಪಾರ್ಟಿ ಆಫ್ ಅಲಬಾಮಾ’ ಹುಟ್ಟಿತು. ಲೌಂಡ್ಸ್‌ನ ಪಕ್ಷ ಅದರೊಂದಿಗೆ ಕೂಡಿಕೊಂಡಿತು. ಚಿರತೆಯ ಜಾಗಕ್ಕೆ ಹದ್ದಿನ ಗುರುತು ಬಂತು. 1970ರ ನವೆಂಬರ್‌ನಲ್ಲಿ ಜಾನ್ ಹ್ಯೂಲೆಟ್ ಶೆರಿಫ್ ಹುದ್ದೆಗೆ ನಿಂತು ಗೆದ್ದರು. ಅವರೊಂದಿಗೆ ಆಲ್ಮಾ ಮಿಲ್ಲರ್ ಸರ್ಕ್ಯೂಟ್ ನ್ಯಾಯಾಲಯದ ಗುಮಾಸ್ತೆಯ ಹುದ್ದೆಗೆ ಆರಿಸಿ ಬಂದರು. ಹಳೆಯ ಜೈಲಿನ ಬಾಗಿಲಲ್ಲಿ ಹೆಸರು ಬರೆಸಲು ಕಾದಿದ್ದ ಮನುಷ್ಯನ ಕೈಗೆ ಅದೇ ಕೌಂಟಿಯ ಜೈಲಿನ ಬೀಗದ ಕೈ ಬಂತು. ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಅವರು ಶೆರಿಫ್ ಆಗಿದ್ದರು, ಬಳಿಕ ಉಯಿಲು, ವಾರಸುದಾರಿಕೆಯ ವ್ಯವಹಾರ ನೋಡುವ ಪ್ರೊಬೇಟ್ ನ್ಯಾಯಾಧೀಶರಾದರು. ಪೊಲೀಸರೆಂದರೆ ಕಪ್ಪುಜನ ನಡುಗುವ ಕಾಲ ಲೌಂಡ್ಸ್‌ನಲ್ಲಿ ಅವರೊಂದಿಗೆ ಮುಗಿಯಿತು. 2006ರಲ್ಲಿ ಅವರು ತೀರಿಕೊಂಡರು. ಸ್ನಿಕ್‌ನಿಂದ ಬಂದ ಬಾಬ್ ಮ್ಯಾಂಟ್ಸ್ ಲೌಂಡ್ಸ್‌ನಲ್ಲೇ ನೆಲೆಸಿ ಮುಂದೆ ಕೌಂಟಿ ಕಮಿಷನರ್ ಆಗಿ ಆರಿಸಿಬಂದರು.

ಆದರೆ ಅಧಿಕಾರ ಬಂದ ಮೇಲೆ ಪಕ್ಷ ಸಡಿಲಾಯಿತು. ಗೆದ್ದವರು ಡೆಮಾಕ್ರಟಿಕ್ ಪಕ್ಷದೊಳಗೆ ಹೋದರು. ಸಂಜೆಯ ತರಗತಿಗಳು, ಚಿತ್ರಪುಸ್ತಕಗಳು, ಎಲ್ಲರೂ ಕೂಡಿ ಹುರಿಯಾಳನ್ನು ಆರಿಸುವ ಸಭೆಗಳು ನಿಂತವು. ವ್ಯಕ್ತಿಗಳ ಸುತ್ತ ನಡೆಯುವ ಸಾಮಾನ್ಯ ರಾಜಕಾರಣ ಲೌಂಡ್ಸ್‌ಗೂ ಬಂತು. ಲೌಂಡ್ಸ್ ಚರಿತ್ರೆಯನ್ನು ಆಳವಾಗಿ ಬರೆದಿರುವ ಹಸನ್ ಕ್ವಾಮೆ ಜೆಫ್ರೀಸ್ ಈ ಬದಲಾವಣೆಯನ್ನೇ ದೊಡ್ಡ ನಷ್ಟವೆಂದು ಕಾಣುತ್ತಾರೆ. ಬಿಳಿಯರು 1966ರಲ್ಲೇ ತಮ್ಮ ಮಕ್ಕಳಿಗೆ ಖಾಸಗಿ ಶಾಲೆ ತೆರೆದುಕೊಂಡರು. ಭೂಮಿಯೂ ಹಣವೂ ಬಹುಪಾಲು ಹಳೆಯ ಕೈಗಳಲ್ಲೇ ಉಳಿದವು. ಆಲಿಸ್ ಮೂರ್ ಹೇಳಿದ ಮಾತು ಜಾರಿಗೆ ಬರಲಿಲ್ಲ.

ಅದರ ಬೆಲೆಯನ್ನು ಜನ ಇಂದಿಗೂ ತೆರುತ್ತಿದ್ದಾರೆ. ಈಗ ಲೌಂಡ್ಸ್‌ನ ಜನಸಂಖ್ಯೆ ಸುಮಾರು ಹತ್ತು ಸಾವಿರ. ಅಲ್ಲಿಯ ಜಿಗುಟು ಮಣ್ಣಿನಲ್ಲಿ ನೀರು ಇಂಗುವುದಿಲ್ಲ. ದುಬಾರಿ ಶೌಚಗುಂಡಿ ಕಟ್ಟಿಸಲಾಗದ ಎಷ್ಟೋ ಮನೆಗಳ ಕೊಳಚೆ ಹಿತ್ತಲಲ್ಲೇ ನಿಲ್ಲುತ್ತದೆ. 2017ರಲ್ಲಿ ಪ್ರಕಟವಾದ ಅಧ್ಯಯನವೊಂದು 55 ಜನರನ್ನು ಪರೀಕ್ಷಿಸಿದಾಗ ಮೂರರಲ್ಲಿ ಒಬ್ಬರಿಗೆ ಕೊಕ್ಕೆಹುಳುವಿನ ಸೋಂಕಿನ ಗುರುತು ಸಿಕ್ಕಿತು. ಜಗತ್ತಿನ ಅತ್ಯಂತ ಶ್ರೀಮಂತ ದೇಶದಲ್ಲಿ! ಇದೇ ಕೌಂಟಿಯಲ್ಲಿ ಬೆಳೆದ ಕ್ಯಾಥರೀನ್ ಕೋಲ್ಮನ್ ಫ್ಲವರ್ಸ್ ವರ್ಷಾನುಗಟ್ಟಲೆ ಹೋರಾಡಿದ ಫಲವಾಗಿ ಫೆಡರಲ್ ನ್ಯಾಯಾಂಗ ಇಲಾಖೆ 2021ರಲ್ಲಿ ತನಿಖೆ ತೆರೆಯಿತು, 2023ರಲ್ಲಿ ರಾಜ್ಯದ ಆರೋಗ್ಯ ಇಲಾಖೆಯೊಂದಿಗೆ ಒಪ್ಪಂದ ಮಾಡಿಸಿತು. 2025ರ ಏಪ್ರಿಲ್‌ನಲ್ಲಿ ಟ್ರಂಪ್ ಸರ್ಕಾರ ಆ ಒಪ್ಪಂದವನ್ನು ರದ್ದು ಮಾಡಿತು. ಮತದಾನದ ಹಕ್ಕು ಕಾಯ್ದೆಯ ಮುಖ್ಯ ರಕ್ಷಣೆಯೊಂದನ್ನು ಸುಪ್ರೀಂ ಕೋರ್ಟ್ 2013ರಲ್ಲೇ ಕಳಚಿಹಾಕಿತ್ತು. ಆ ದಾವೆ ಹೂಡಿದ್ದೂ ಅಲಬಾಮಾದ್ದೇ ಇನ್ನೊಂದು ಕೌಂಟಿ, ಷೆಲ್ಬಿ.

ಹಾಗಾದರೆ ಲೌಂಡ್ಸ್‌ನ ಹೋರಾಟ ಸೋತಿತೆ? ಹಾಗೆನ್ನುವುದು ಅನ್ಯಾಯ. ಶೆರಿಫ್‌ನ ಕಾರು ಕಂಡರೆ ಮಕ್ಕಳನ್ನು ಒಳಗೆಳೆದುಕೊಳ್ಳುತ್ತಿದ್ದ ತಾಯಂದಿರು, ಆ ಕಾರಿನಲ್ಲಿ ಕೂರುವವನನ್ನು ತಾವೇ ಆರಿಸಿದ್ದು ಸಣ್ಣ ಬದಲಾವಣೆಯಲ್ಲ. ಮತ ಒಂದರಿಂದಲೇ ಭೂಮಿ ಹಂಚಿಕೆಯಾಗುವುದಿಲ್ಲ, ಚರಂಡಿ ಆಗುವುದಿಲ್ಲ. ಅದಕ್ಕೆ ಚುನಾವಣೆಯ ಮರುದಿನವೂ ಜನ ಕೂಡಬೇಕು, ಕಲಿಯಬೇಕು, ಆರಿಸಿದವರನ್ನು ಕೇಳಬೇಕು. 1966ರಲ್ಲಿ ಲೌಂಡ್ಸ್ ಅದನ್ನು ಮಾಡಿ ತೋರಿಸಿತು. ನಿಲ್ಲಿಸಿದಾಗ ಏನಾಗುತ್ತದೆ ಎಂಬುದನ್ನೂ ತೋರಿಸಿತು.

ಚುನಾವಣೆಯ ಚರಿತ್ರೆ ಗೆದ್ದವರ ಪಟ್ಟಿಯನ್ನು ಮಾತ್ರ ಇಟ್ಟುಕೊಳ್ಳುತ್ತದೆ. ಲೌಂಡ್ಸ್‌ನ ಮಟ್ಟಿಗೆ ಅದು ಸಾಲದು. ಸಿಡ್ನಿ ಲೋಗನ್, ಎಮೊರಿ ರಾಸ್, ಆಲಿಸ್ ಮೂರ್, ಫ್ರ್ಯಾಂಕ್ ಮೈಲ್ಸ್, ರಾಬರ್ಟ್ ಲೋಗನ್, ಜಾನ್ ಹಿನ್ಸನ್, ವಿಲ್ಲಿ ಮೇ ಸ್ಟ್ರಿಕ್ಲೆಂಡ್: ಈ ಏಳು ಮಂದಿ ಒಂದು ಹುದ್ದೆಯನ್ನೂ ಗೆಲ್ಲಲಿಲ್ಲ. ಇವರು 1966ರಲ್ಲಿ ನಿಂತು ಸೋಲದೆ ಹೋಗಿದ್ದರೆ 1970ರಲ್ಲಿ ಹ್ಯೂಲೆಟ್ ಗೆಲ್ಲುತ್ತಿರಲಿಲ್ಲ.